ಓದುಗರ ಪ್ರಶ್ನೆ: ಟಿ ಸೆಲ್‌ಗೆ ಎರಡೆರಡು ಒಪ್ಪಿಗೆ ಯಾಕೆ ಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇಮ್ಯೂನಿಟಿ ಬಗ್ಗೆನೇ ಇವೆ. ಒಬ್ರು ಪರೀಕ್ಷೆಗೆ ಕೇಳಿದಾರೆ, ಒಬ್ರು ಕಿಡ್ನಿ ಮಾತ್ರೆ ಬಗ್ಗೆ, ಇನ್ನೊಬ್ರು ಕಷಾಯದ ಬಗ್ಗೆ, ಆದ್ರೆ ಎಲ್ಲಾ ಸುತ್ತಿ ಸುತ್ತಿ ಟಿ ಸೆಲ್ ಮೈಮೇಲಿರೋ ರಿಸೆಪ್ಟರ್‌ಗಳ ಹತ್ರಾನೇ ಬಂದು ನಿಲ್ತವೆ. ಟಿ ಸೆಲ್ ಅಂದ್ರೆ ರೋಗಾಣುಗಳ ಜೊತೆ ಹೋರಾಡೋ ಒಂದು ಬಗೆಯ ಬಿಳಿ ರಕ್ತಕಣ, ರಿಸೆಪ್ಟರ್ ಅಂದ್ರೆ ಅದರ ಮೈಮೇಲಿದ್ದು ಹೊರಗಿನದನ್ನ ಹಿಡ್ಕೊಂಡು ಒಳಗೆ ಸುದ್ದಿ ಮುಟ್ಟಿಸೋ ಪ್ರೋಟೀನ್. ಅದಕ್ಕೆ ಎಲ್ಲಾ ಒಂದೇ ಕಡೆ ಹಾಕಿದೀನಿ. ಮೊದಲನೇ ಉತ್ತರ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ, ಅದೊಂದು ಅರ್ಥ ಆದ್ರೆ ಉಳಿದಿದ್ದೆಲ್ಲ ಬೇಗ ಬೇಗ ಮುಗಿಯತ್ತೆ.

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಎರಡನೇ ವರ್ಷ ಓದ್ತಿದೀನಿ. ಟಿ ಸೆಲ್ ರಿಸೆಪ್ಟರ್ ಆಂಟಿಜೆನ್ ಗುರುತು ಹಿಡಿದ ತಕ್ಷಣ ಟಿ ಸೆಲ್ ಆಕ್ಟಿವೇಟ್ ಆಗತ್ತೆ ಅಂತ ನಮ್ಮ ನೋಟ್ಸಲ್ಲಿ ಒಂದೇ ಲೈನಲ್ಲಿ ಬರೆದಿದಾರೆ. ಅದೇ ನೋಟ್ಸಲ್ಲಿ ಇನ್ನೊಂದು ಕಡೆ ಆ ರಿಸೆಪ್ಟರ್‌ಗೆ ತಾನಾಗೇ ಸಿಗ್ನಲ್ ಕಳಿಸೋ ಶಕ್ತಿ ಇಲ್ಲ ಅಂತಿದೆ. ಎರಡೂ ಹೇಗೆ ನಿಜ ಆಗತ್ತೆ? ಸೆಕೆಂಡ್ ಸಿಗ್ನಲ್ ಅಂತ ಬೇರೆ ಬರೆದಿದಾರೆ, ಅದ್ಯಾಕೆ?

ಉತ್ತರ: ಎರಡೂ ನಿಜಾನೇ ಕಣಮ್ಮ, ನೋಟ್ಸ್ ಬರೆದವರು ಮಧ್ಯದ ಕತೆ ಹಾರಿಸಿಬಿಟ್ಟಿದಾರೆ ಅಷ್ಟೇ.

ಅಂಗಾಲಿಗೆ ಮುಳ್ಳು ಚುಚ್ಚಿ ಕೀವಾಗಿದೆ ಅಂತಿಟ್ಕೋ. ಅಲ್ಲೇ ಚರ್ಮದಲ್ಲಿ ಡೆಂಡ್ರಿಟಿಕ್ ಸೆಲ್ ಅಂತ ಕವಲು ಕವಲಾಗಿ ಚಾಚ್ಕೊಂಡಿರೋ ಜೀವಕೋಶಗಳು ಇರ್ತವೆ. ಅವು ಬ್ಯಾಕ್ಟೀರಿಯಾನ ನುಂಗಿ, ಒಳಗೆ ಚೂರು ಚೂರು ಮಾಡಿ, ಒಂದೊಂದು ಪ್ರೋಟೀನ್ ಚೂರನ್ನೂ ಎಂಎಚ್‌ಸಿ ಅನ್ನೋ ಇನ್ನೊಂದು ಪ್ರೋಟೀನ್ ಮೇಲೆ ಕೂರಿಸಿ ತಮ್ಮ ಮೈಮೇಲೆ ತಂದಿಟ್ಕೋತವೆ. ನಿನ್ನ ನೋಟ್ಸಲ್ಲಿ ಆಂಟಿಜೆನ್ ಅಂದಿರೋದು ಇಂಥ ಚೂರನ್ನೇ. ಎಷ್ಟು ಸಣ್ಣ ಚೂರು ಅಂದ್ರೆ, ಕ್ಲಾಸ್ ಒಂದರ ಎಂಎಚ್‌ಸಿಯಲ್ಲಿ ಕೂರೋದು ಸಾಮಾನ್ಯವಾಗಿ 8ರಿಂದ 10 ಅಮೈನೋ ಆಸಿಡ್ ಅಷ್ಟೇ, ಕ್ಲಾಸ್ ಎರಡರಲ್ಲಿ ಇನ್ನೊಂಚೂರು ಉದ್ದ. ಹಾಗೆ ಹೊತ್ಕೊಂಡು ಅವು ಕಾಲಿಂದ ಮೇಲೆ ತೊಡೆಸಂದಿನ ಲಿಂಫ್ ನೋಡ್‌ಗೆ ಹೊರಡ್ತವೆ. ಗಾಯ ಇರೋದು ಅಂಗಾಲಲ್ಲಿ, ಗಡ್ಡೆ ಕಟ್ಟಿ ನೋಯೋದು ತೊಡೆಸಂದಿನಲ್ಲಿ, ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಅಲ್ಲಿ ಟಿ ಸೆಲ್‌ಗಳು ಇವುಗಳ ಮೈ ತಡವಿ ನೋಡ್ಕೊಂಡು ಹೋಗ್ತಾ ಇರ್ತವೆ, ಒಂದು ಡೆಂಡ್ರಿಟಿಕ್ ಸೆಲ್‌ನ ಗಂಟೆಗೆ ನೂರಾರು ಟಿ ಸೆಲ್ ಮುಟ್ಟಿ ಹೋಗ್ತವೆ. ಹೆಚ್ಚಿನವಕ್ಕೆ ಅದು ಸಂಬಂಧಾನೇ ಇಲ್ಲ. ಯಾಕಂದ್ರೆ ಪ್ರತಿ ಟಿ ಸೆಲ್ ರಿಸೆಪ್ಟರಿನ ಆಕಾರ ಬೇರೆ ಬೇರೆ, ಈ ಒಂದು ಚೂರಿಗೆ ಹೊಂದೋ ಟಿ ಸೆಲ್ ಲಕ್ಷಕ್ಕೆ ಒಂದೋ ಹತ್ತು ಲಕ್ಷಕ್ಕೆ ಒಂದೋ ಇರತ್ತೆ. ಇನ್ನೊಂದು ವಿಷ್ಯ, ಟಿ ಸೆಲ್‌ಗೆ ಬರೀ ಚೂರು ತೋರಿಸಿದ್ರೆ ಆಗಲ್ಲ, ಅದು ನಮ್ಮದೇ ಎಂಎಚ್‌ಸಿ ಮೇಲೆ ಕೂತಿರಬೇಕು. ಇದನ್ನ 1970ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಲಿಗಳಿಗೆ ವೈರಸ್ ಕೊಟ್ಟು ತೋರಿಸಿದವರು ಪೀಟರ್ ಡೊಹರ್ಟಿ ಮತ್ತೆ ರಾಲ್ಫ್ ಜಿಂಕರ್‌ನೇಗಲ್, 1996ರಲ್ಲಿ ನೊಬೆಲ್ ಬಂತು. ಆದ್ರೆ ಆ ರಿಸೆಪ್ಟರ್ ಅಂದ್ರೆ ಏನು ಅಂತ ಅವರು ಕೆಲಸ ಮಾಡಿದ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ, ಅದರ ಜೀನ್ ಕೈಗೆ ಸಿಕ್ಕಿದ್ದು 1984ರಲ್ಲಿ, ಕೆನಡಾದ ಟ್ಯಾಕ್ ಮ್ಯಾಕ್ ಮತ್ತೆ ಅಮೆರಿಕದ ಮಾರ್ಕ್ ಡೇವಿಸ್ ತಂಡಗಳಿಗೆ, ಒಬ್ರಿಗೆ ಮನುಷ್ಯರಲ್ಲಿ, ಇನ್ನೊಬ್ರಿಗೆ ಇಲಿಯಲ್ಲಿ.

ಈಗ ನಿನ್ನ ಪ್ರಶ್ನೆ. ರಿಸೆಪ್ಟರ್‌ನಲ್ಲಿ ಆಲ್ಫಾ, ಬೀಟಾ ಅಂತ ಎರಡು ಎಳೆ. ಹೊರಗಿನ ಭಾಗ ದೊಡ್ಡದು, ಗುರುತು ಹಿಡಿಯೋದು ಅದೇ. ಪೊರೆ ದಾಟಿ ಒಳಗೆ ಇಳಿದಿರೋ ಬಾಲ ಮಾತ್ರ ಬೆರಳೆಣಿಕೆ ಅಮೈನೋ ಆಸಿಡ್, ಅಲ್ಲಿ ಯಾವ ಎನ್‌ಜೈಮೂ ಬಂದು ಹಿಡ್ಕೊಳ್ಳೋಕೆ ಜಾಗ ಇಲ್ಲ. ಅದಕ್ಕೆ ಅದರ ಅಕ್ಕಪಕ್ಕ ಸಿಡಿ3 ಗುಂಪಿನ ಎಳೆಗಳು ಅಂಟ್ಕೊಂಡೇ ಇರ್ತವೆ, ಝೀಟಾ ಸೇರಿ ಒಟ್ಟು ಆರು ಎಳೆ. ಇವುಗಳ ಬಾಲ ಉದ್ದ, ಆ ಬಾಲಗಳಲ್ಲಿ ಐಟ್ಯಾಮ್ ಅನ್ನೋ ಗುರುತಿನ ಜಾಗಗಳು ಹತ್ತು ಇವೆ. ಹೊರಗೆ ಆಲ್ಫಾ ಬೀಟಾ ಗುರುತು ಹಿಡೀತಿದ್ದ ಹಾಗೆ ಒಳಗಡೆ ಎಲ್‌ಸಿಕೆ ಅನ್ನೋ ಎನ್‌ಜೈಮ್ ಬಂದು ಈ ಐಟ್ಯಾಮ್‌ಗಳಿಗೆ ಫಾಸ್ಫೇಟ್ ಅಂಟಿಸತ್ತೆ. ಎಲ್‌ಸಿಕೆ ಎಲ್ಲಿಂದ ಬಂತು ಅಂದ್ರೆ, ಸಿಡಿ4 ಇಲ್ಲಾ ಸಿಡಿ8 ರಿಸೆಪ್ಟರ್ ಬಾಲಕ್ಕೆ ಅಂಟ್ಕೊಂಡಿರತ್ತೆ, ಆ ಸಿಡಿ4 ಅಥವಾ ಸಿಡಿ8 ಹೊರಗಡೆ ಅದೇ ಎಂಎಚ್‌ಸಿಯ ಪಕ್ಕ ಹಿಡ್ಕೊಂಡಿರತ್ತೆ, ಹಾಗಾಗಿ ಎನ್‌ಜೈಮ್ ಸರಿಯಾದ ಜಾಗಕ್ಕೇ ಬಂದು ನಿಲ್ಲತ್ತೆ. ಹೆಲ್ಪರ್ ಸೆಲ್‌ನಲ್ಲಿ ಸಿಡಿ4, ಕಿಲ್ಲರ್ ಸೆಲ್‌ನಲ್ಲಿ ಸಿಡಿ8 ಅಂತ ಉರು ಹೊಡೀತೀವಲ್ಲ, ಅವುಗಳ ಕೆಲಸ ಇದು.

ಇನ್ನೂ ಒಂದು ಇದೆ, ನನಗೆ ಬಹಳ ಇಷ್ಟ ಆಗೋ ಭಾಗ. ಟಿ ಸೆಲ್ ಮೈಮೇಲೆ ಸಿಡಿ45 ಅಂತ ಎತ್ತರದ ಪ್ರೋಟೀನ್ ಇದೆ, ಅದರ ಒಳಭಾಗ ಫಾಸ್ಫೇಟ್ ಕಿತ್ತು ಹಾಕೋ ಎನ್‌ಜೈಮ್. ರಿಸೆಪ್ಟರ್ ಎಂಎಚ್‌ಸಿನ ಹಿಡಿದಾಗ ಎರಡು ಜೀವಕೋಶಗಳ ಪೊರೆ ಸುಮಾರು 15 ನ್ಯಾನೋಮೀಟರ್ ಹತ್ರಕ್ಕೆ ಬರ್ತವೆ, ಅಷ್ಟು ಸಂದಿಯಲ್ಲಿ ಎತ್ತರದ ಸಿಡಿ45ಗೆ ಜಾಗ ಇಲ್ಲ, ಪಕ್ಕಕ್ಕೆ ತಳ್ಳಿ ಹೋಗತ್ತೆ. ಕೀಳೋದು ದೂರ ಹೋಯ್ತು, ಅಂಟಿಸೋದು ಉಳೀತು, ಅಲ್ಲಿಗೆ ಫಾಸ್ಫೇಟ್ ನಿಲ್ಲತ್ತೆ. ಬರೀ ಎತ್ತರ ಗಿಡ್ಡದ ಲೆಕ್ಕದಲ್ಲಿ ಇಂಥಾ ಕೆಲಸ ನಡೆಯತ್ತೆ ನೋಡು.

ಆಮೇಲೆ ಫಾಸ್ಫೇಟ್ ಇರೋ ಜಾಗಕ್ಕೆ ಝ್ಯಾಪ್-70 ಬಂದು ಕೂರತ್ತೆ, ಅದು ಮುಂದಿನ ಲ್ಯಾಟ್ ಅನ್ನೋ ಪ್ರೋಟೀನನ್ನ ಎಬ್ಬಿಸತ್ತೆ, ಅಲ್ಲಿಂದ ಕ್ಯಾಲ್ಸಿಯಂ ಏರತ್ತೆ, ಕ್ಯಾಲ್ಸಿಯಂ ಏರಿದ್ರೆ ಕ್ಯಾಲ್ಸಿನ್ಯೂರಿನ್ ಅನ್ನೋ ಎನ್‌ಜೈಮ್ ಕೆಲಸ ಶುರು ಮಾಡತ್ತೆ, ಅದು ಎನ್‌ಫ್ಯಾಟ್ ಅನ್ನೋ ಪ್ರೋಟೀನನ್ನ ನ್ಯೂಕ್ಲಿಯಸ್ ಒಳಗೆ ಬಿಡತ್ತೆ, ಆಗ ಇಂಟರ್‌ಲ್ಯೂಕಿನ್-2 ಜೀನ್ ಓದೋಕೆ ಶುರು, ಟಿ ಸೆಲ್‌ಗಳು ಹೆಚ್ಚಾಗೋಕೆ ಹೇಳೋ ಪ್ರೋಟೀನ್ ಅದು. ಝ್ಯಾಪ್-70 ಇಲ್ಲದೆ ಹುಟ್ಟೋ ಮಕ್ಕಳೂ ಇದಾರೆ, ಅಪರೂಪ. ಆ ಮಕ್ಕಳಲ್ಲಿ ಸಿಡಿ4 ಟಿ ಸೆಲ್ ರಕ್ತದಲ್ಲಿ ಇದ್ರೂ ಕೆಲಸ ಮಾಡಲ್ಲ, ರಿಸೆಪ್ಟರ್ ಸರಿಯಾಗೇ ಇದೆ, ಹೊರಗೆ ಗುರುತೂ ಹಿಡಿಯತ್ತೆ, ಸುದ್ದಿ ಮಾತ್ರ ಒಳಗೆ ಹೋಗಲ್ಲ, ಸಣ್ಣ ಸಣ್ಣ ಇನ್‌ಫೆಕ್ಷನ್ನೂ ಪ್ರಾಣಕ್ಕೆ ಬರತ್ತೆ.

ಸೆಕೆಂಡ್ ಸಿಗ್ನಲ್ ವಿಷಯಕ್ಕೆ ಬರೋಣ. ಬ್ಯಾಂಕ್ ಲಾಕರ್ ಗೊತ್ತಲ್ಲ, ನಿಮ್ಮಮ್ಮನ ಕೈಲಿರೋ ಕೀ ಒಂದೇ ಹಾಕಿದ್ರೆ ತೆಗೆಯಲ್ಲ, ಬ್ಯಾಂಕಿನವರ ಕೀನೂ ತಿರುಗಿಸಬೇಕು. ಟಿ ಸೆಲ್‌ನಲ್ಲಿ ಮೊದಲ ಕೀ ಟಿ ಸೆಲ್ ರಿಸೆಪ್ಟರ್, ಎರಡನೇ ಕೀ ಸಿಡಿ28. ಈ ಸಿಡಿ28 ಹಿಡ್ಕೊಳ್ಳೋದು ಡೆಂಡ್ರಿಟಿಕ್ ಸೆಲ್ ಮೈಮೇಲಿನ ಬಿ7 ಅನ್ನೋ ಪ್ರೋಟೀನನ್ನ. ಬಿ7 ಯಾವಾಗ್ಲೂ ಅಷ್ಟಾಗಿ ಇರಲ್ಲ. ಡೆಂಡ್ರಿಟಿಕ್ ಸೆಲ್‌ಗೆ ಬ್ಯಾಕ್ಟೀರಿಯಾದ ಗೋಡೆ, ವೈರಸ್ಸಿನ ಆರ್‌ಎನ್‌ಎ ಇಂಥದ್ದು ಸಿಕ್ಕಾಗ್ಲೇ ಅದು ಬಿ7ನ ದಂಡಿಯಾಗಿ ಮೈಮೇಲೆ ತರೋದು. ಅಂದ್ರೆ ಮೊದಲನೇದು ಹೇಳೋದು ‘ಇದು ನನಗೆ ಹೊಂದೋ ಚೂರು’ ಅಂತ, ಎರಡನೇದು ಹೇಳೋದು ‘ನಿಜವಾಗ್ಲೂ ಏನೋ ಅಪಾಯ ಆಗಿದೆ’ ಅಂತ. ಮೊದಲನೇದೊಂದೇ ಬಂದು ಎರಡನೇದು ಬರದಿದ್ರೆ ಟಿ ಸೆಲ್ ಸುಮ್ನೆ ವಾಪಸ್ ಹೋಗಲ್ಲ, ಮಂಕಾಗಿಬಿಡತ್ತೆ, ಆಮೇಲೆ ಅದೇ ಚೂರು ಮತ್ತೆ ಸಿಕ್ಕಿದ್ರೂ ಏಳಲ್ಲ. ಇದಕ್ಕೆ ಅನರ್ಜಿ ಅಂತಾರೆ, ಪರೀಕ್ಷೇಲಿ ಬರೀ. ನಮ್ಮದೇ ಪ್ರೋಟೀನ್ ಚೂರುಗಳ ಮೇಲೆ ತಿರುಗಿ ಬೀಳೋ ಟಿ ಸೆಲ್‌ಗಳಲ್ಲಿ ಬಹುಪಾಲು ತಾವು ಬೆಳೆಯೋ ಥೈಮಸ್ ಗ್ರಂಥಿಯಲ್ಲೇ ಸಾಯ್ತವೆ, ತಪ್ಪಿಸ್ಕೊಂಡು ಬಂದವನ್ನ ಸುಮ್ನಿರಿಸೋ ದಾರಿಗಳಲ್ಲಿ ಇದೂ ಒಂದು.

ಡೆಂಡ್ರಿಟಿಕ್ ಸೆಲ್ ಕಂಡುಹಿಡಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಅನೌನ್ಸ್ ಆಯ್ತು. ಅವರು ಮೂರು ದಿನ ಮುಂಚೆ ತೀರ್ಕೊಂಡಿದ್ರು, ಕಮಿಟಿಗೆ ಗೊತ್ತೇ ಇರಲಿಲ್ಲ. ಸತ್ತವರಿಗೆ ಕೊಡೋ ಹಾಗಿಲ್ಲ ಅನ್ನೋ ನಿಯಮ ಇದ್ರೂ ಬಹುಮಾನ ವಾಪಸ್ ತಗೊಳ್ಳಲಿಲ್ಲ, ಒಳ್ಳೇ ಕೆಲಸ ಮಾಡಿದ್ರು.

ಪ್ರಶ್ನೆ: ನಮಸ್ಕಾರ್ರಿ ಮೇಡಂ, ಧಾರವಾಡದಿಂದ ಬರ್ಯಾಕತ್ತೀನಿ. ನಮ್ಮ ಅಣ್ಣಗ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗೇತಿ. ಮುಂಜಾನಿ ಒಂದು, ರಾತ್ರಿ ಒಂದು ಟ್ಯಾಕ್ರೋಲಿಮಸ್ ಗುಳಿಗಿ ತಗೋತಾನ. ಅದು ಟಿ ಸೆಲ್ ಮ್ಯಾಲಿನ ರಿಸೆಪ್ಟರ್ ಬಂದ್ ಮಾಡ್ತದೇನ್ರಿ? ಮತ್ತ ಜೀವನಪೂರ್ತಿ ತಗೋಬೇಕೇನು?

ಉತ್ತರ: ರಿಸೆಪ್ಟರ್ ಬಂದ್ ಮಾಡಲ್ರೀ. ಮೇಲೆ ಕ್ಯಾಲ್ಸಿನ್ಯೂರಿನ್ ಅಂತ ಹೇಳಿದ್ನಲ್ಲ, ಟ್ಯಾಕ್ರೋಲಿಮಸ್ ತಡೆಯೋದು ಅದನ್ನ. ಸೈಕ್ಲೋಸ್ಪೊರಿನ್ ಕೆಲಸಾನೂ ಅಲ್ಲೇ. ಅಂದ್ರೆ ನಿಮ್ಮ ಅಣ್ಣನ ಟಿ ಸೆಲ್‌ಗಳು ಹೊಸ ಕಿಡ್ನೀನ ನೋಡ್ತವೆ, ಬೇರೆಯವರದ್ದು ಅಂತ ಗುರುತೂ ಹಿಡೀತವೆ, ಸುದ್ದಿ ಅರ್ಧ ದಾರಿಗೆ ಬಂದು ನಿಂತ್ಹೋಗತ್ತೆ, ಇಂಟರ್‌ಲ್ಯೂಕಿನ್-2 ತಯಾರಾಗಲ್ಲ. ಮಾತ್ರೆ ಬಿಟ್ರೆ ಆ ದಾರಿ ಮತ್ತೆ ತೆರೆಯತ್ತೆ, ಆರಾಮ ಅದಾನ ಅಂತ ತಾವೇ ನಿಲ್ಲಿಸಿ ಕಿಡ್ನಿ ಕಳ್ಕೊಂಡವರು ಎಲ್ಲಾ ಊರಲ್ಲೂ ಸಿಕ್ತಾರೆ. ಕಿಡ್ನಿ ಕೆಲಸ ಮಾಡೋವರೆಗೂ ಮಾತ್ರೆ ಬೇಕೇ ಬೇಕು, ಡೋಸ್ ಹೆಚ್ಚು ಕಮ್ಮಿ ಮಾಡೋದು ಡಾಕ್ಟರೇ, ರಕ್ತದಲ್ಲಿ ಅದರ ಲೆವೆಲ್ ನೋಡಿ.

ಹೊರಗಿನ ರಿಸೆಪ್ಟರ್ ಹತ್ರಾನೇ ತಡೆಯೋ ಔಷಧಿನೂ ಇದೆ, ಬೆಲಾಟಸೆಪ್ಟ್ ಅಂತ, ಡ್ರಿಪ್‌ನಲ್ಲಿ ಕೊಡೋದು. ಅದು ಬಿ7ಗೆ ಹೋಗಿ ಅಂಟ್ಕೊಂಡು ಸಿಡಿ28ಗೆ ಏನೂ ಸಿಗದ ಹಾಗೆ ಮಾಡತ್ತೆ, ಎರಡನೇ ಒಪ್ಪಿಗೆ ಬರೋದೇ ಇಲ್ಲ. ಅದರ ಅಣ್ಣ ಅನ್ನಬಹುದಾದ ಅಬಾಟಸೆಪ್ಟ್ ಸಂಧಿವಾತಕ್ಕೆ 2005ರಿಂದ ಬಳಕೇಲಿದೆ.

ಒಂದು ಮಾತು ಕೇಳದೇ ಇದ್ರೂ ಹೇಳ್ತೀನಿ: ಚಕ್ಕೋತ ತಿನ್ನಬೇಡಿ ಅನ್ನಿ ಅಣ್ಣಂಗೆ. ದೇವನಹಳ್ಳಿ ಚಕ್ಕೋತ ಯಾರಾದ್ರೂ ಪ್ರೀತಿಯಿಂದ ತಂದ್ಕೊಟ್ರೂ ಬೇಡ. ಗ್ರೇಪ್‌ಫ್ರೂಟ್, ಚಕ್ಕೋತ ಈ ಜಾತಿಯ ಹಣ್ಣುಗಳು ಟ್ಯಾಕ್ರೋಲಿಮಸ್ಸನ್ನ ಕರಗಿಸೋ ಎನ್‌ಜೈಮನ್ನ ತಡೀತವೆ, ರಕ್ತದಲ್ಲಿ ಮಾತ್ರೆ ಲೆವೆಲ್ ಏರಿ ಕಿಡ್ನಿಗೇ ಪೆಟ್ಟು.

ಪ್ರಶ್ನೆ: ಮಂಡ್ಯದಿಂದ. ನಮ್ಮ ಚಿಕ್ಕಮ್ಮ ಒಂದು ಡಬ್ಬ ತಂದಿದಾರೆ, ಅದರ ಮೇಲೆ ‘ಟಿ ಸೆಲ್‌ಗಳನ್ನು ಉತ್ತೇಜಿಸುತ್ತದೆ’ ಅಂತ ಪ್ರಿಂಟ್ ಹಾಕಿದಾರೆ. ಬೆಳಿಗ್ಗೆ ಒಂದು ಚಮಚ ತಗೊಂಡ್ರೆ ಯಾವ ಕಾಯಿಲೆನೂ ಬರಲ್ವಂತೆ. ಟಿ ಸೆಲ್ ಜಾಸ್ತಿ ಉತ್ತೇಜನ ಆದ್ರೆ ಒಳ್ಳೇದೇ ಅಲ್ವಾ ಮೇಡಂ?

ಉತ್ತರ: ಆ ಡಬ್ಬ ಟಿ ಸೆಲ್‌ಗಳನ್ನ ನಿಜವಾಗ್ಲೂ ಉತ್ತೇಜಿಸಿದ್ರೆ ನಿಮ್ಮ ಚಿಕ್ಕಮ್ಮ ಐಸಿಯುನಲ್ಲಿ ಇರ್ತಿದ್ರು. ತಮಾಷೆಗೆ ಹೇಳ್ತಿಲ್ಲ, ಇದು ಲಂಡನ್ನಲ್ಲಿ ಆಗಿದೆ.

2006ರ ಮಾರ್ಚ್ 13. ನಾರ್ಥ್‌ವಿಕ್ ಪಾರ್ಕ್ ಆಸ್ಪತ್ರೆ ಆವರಣದಲ್ಲಿ ಒಂದು ಖಾಸಗಿ ಟ್ರಯಲ್ ಘಟಕ. ಟಿಜಿಎನ್1412 ಅನ್ನೋ ಹೊಸ ಆಂಟಿಬಾಡಿ (ಒಂದೇ ಗುರಿಗೆ ಹೋಗಿ ಅಂಟ್ಕೊಳ್ಳೋ ಪ್ರೋಟೀನ್), ಮೊದಲ ಸಲ ಮನುಷ್ಯರಿಗೆ. ಅದು ಅಂಟ್ಕೊಳ್ಳೋದು ಸಿಡಿ28ಗೆ, ನಮ್ಮ ಎರಡನೇ ರಿಸೆಪ್ಟರಿಗೆ. ವಿಶೇಷ ಏನಂದ್ರೆ ಈ ಆಂಟಿಬಾಡಿ ಹಿಡಿದ್ರೆ ಮೊದಲ ಒಪ್ಪಿಗೆ ಬೇಕಾಗೇ ಇಲ್ಲ, ಯಾವ ಚೂರಿಗೆ ಹೊಂದೋ ಟಿ ಸೆಲ್ ಆಗಿದ್ರೂ ಸರಿ, ಎಲ್ಲಾ ಏಳ್ತವೆ. ಇಲಿ ಜಾತಿಯಲ್ಲಿ ನೋಡಿದಾಗ ಇದರಿಂದ ಶಾಂತಗೊಳಿಸೋ ರೆಗ್ಯುಲೇಟರಿ ಟಿ ಸೆಲ್‌ಗಳೇ ಹೆಚ್ಚಾಗಿದ್ವು, ಹಾಗಾಗಿ ಸಂಧಿವಾತಕ್ಕೆ ಉಪಯೋಗ ಆಗಬಹುದು ಅಂತ ಆಸೆ. ಕೋತಿಗಳಿಗೆ ಕೊಟ್ಟು ನೋಡಿದ್ರು, ಏನೂ ಆಗಲಿಲ್ಲ. ಕೋತಿಗಳಲ್ಲಿ ಸೇಫ್ ಅನ್ನಿಸಿದ್ದ ಡೋಸಿನ ಐನೂರರಲ್ಲಿ ಒಂದು ಭಾಗ ಲೆಕ್ಕ ಹಾಕಿ ಆರು ಜನ ಆರೋಗ್ಯವಂತ ಗಂಡಸರಿಗೆ, ಹತ್ತತ್ತು ನಿಮಿಷದ ಅಂತರದಲ್ಲಿ, ಒಬ್ಬರಾದ ಮೇಲೆ ಒಬ್ಬರಿಗೆ ರಕ್ತನಾಳಕ್ಕೆ ಬಿಟ್ರು. ಇನ್ನಿಬ್ಬರಿಗೆ ಕೊಟ್ಟಿದ್ದು ಔಷಧಿ ಇಲ್ಲದ ಡ್ರಿಪ್.

ಒಂದೂವರೆ ಗಂಟೆ ಒಳಗೆ ತಲೆನೋವು, ಬೆನ್ನುನೋವು, ವಾಂತಿ, ಜ್ವರ, ಬಿಪಿ ಇಳಿದು ಹೋಯ್ತು. ಮೊದಲನೆಯವನಿಗೆ ಏನಾಗತ್ತೆ ಅಂತ ಕಾದು ನೋಡೋಷ್ಟರಲ್ಲಿ ಆರನೆಯವನಿಗೂ ಔಷಧಿ ಹೋಗಾಗಿತ್ತು, ನನಗೆ ಇದನ್ನ ಓದಿದಾಗೆಲ್ಲ ಸಿಟ್ಟು ಬರೋದು ಇಲ್ಲೇ. ಟಿ ಸೆಲ್‌ಗಳು ಎಲ್ಲಾ ಒಟ್ಟಿಗೆ ಎದ್ದು ಸೈಟೋಕೈನ್ ಅನ್ನೋ, ಬೇರೆ ಸೆಲ್‌ಗಳನ್ನ ಎಬ್ಬಿಸೋ ಪ್ರೋಟೀನ್‌ಗಳನ್ನ ಸುರಿದ್ವು, ಕೋವಿಡ್ ಟೈಮಲ್ಲಿ ಟಿವಿನಲ್ಲಿ ಸೈಟೋಕೈನ್ ಸ್ಟಾರ್ಮ್ ಅಂತ ಕೇಳಿದ್ರಲ್ಲ, ಅದೇ. ಆರೂ ಜನ ಐಸಿಯು ಸೇರಿದ್ರು, ಶ್ವಾಸಕೋಶ ಕಿಡ್ನಿ ಕೈಕೊಟ್ಟವು, ಅದೃಷ್ಟಕ್ಕೆ ಆರೂ ಜನ ಬದುಕಿದ್ರು, ಒಬ್ಬನ ಕಾಲ್ಬೆರಳುಗಳು, ಕೆಲವು ಕೈಬೆರಳ ತುದಿ ಹೋದ್ವು.

ಕೋತಿಗೆ ಯಾಕೆ ಏನೂ ಆಗಲಿಲ್ಲ? ಆಮೇಲೆ ಗೊತ್ತಾಯ್ತು, ನಮ್ಮಲ್ಲಿ ಹಳೇ ಇನ್‌ಫೆಕ್ಷನ್ ನೆನಪಿಟ್ಟುಕೊಂಡು ತಕ್ಷಣ ಎದ್ದೇಳೋ ಒಂದು ಬಗೆಯ ಸಿಡಿ4 ಟಿ ಸೆಲ್ ಇವೆ, ಅವುಗಳ ಮೈಮೇಲೆ ಸಿಡಿ28 ಇದೆ. ಆ ಜಾತಿ ಕೋತಿಯ ಅದೇ ಬಗೆಯ ಸೆಲ್‌ಗಳಲ್ಲಿ ಸಿಡಿ28 ಇಲ್ಲ. ಇರೋ ಒಂದೇ ಒಂದು ರಿಸೆಪ್ಟರಿನ ವ್ಯತ್ಯಾಸ. ಲ್ಯಾಬಿನ ಇಲಿಗಳಂತೂ ಸ್ವಚ್ಛ ಪಂಜರದಲ್ಲಿ ಬೆಳೆದವು, ಅವಕ್ಕೆ ಅಂಥ ಹಳೇ ನೆನಪಿನ ಸೆಲ್ಲೇ ಕಮ್ಮಿ. ಆ ಘಟನೆ ಆದ್ಮೇಲೆ ಯುರೋಪಲ್ಲಿ ನಿಯಮ ಬದಲಾಯ್ತು, ಹೊಸ ಔಷಧಿನ ಎಲ್ಲರಿಗೂ ಒಟ್ಟಿಗೆ ಕೊಡಬಾರದು, ಮೊದಲನೆಯವರನ್ನ ನೋಡ್ಕೊಂಡು ಆಮೇಲೆ ಮುಂದಿನವರಿಗೆ ಅಂತ.

ಇನ್ನು ಡಬ್ಬ. ಅದರಲ್ಲಿ ಶುಂಠಿ, ಮೆಣಸು, ಅಮೃತಬಳ್ಳಿ ಏನಿದ್ಯೋ ನೀವು ಬರೆದಿಲ್ಲ. ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡೀರಿ. ಟಿ ಸೆಲ್ ಹೆಸರಲ್ಲಿ ದುಡ್ಡು ಕೊಡಬೇಡಿ. ಅಮೃತಬಳ್ಳಿ ಇದ್ರೆ ಸ್ವಲ್ಪ ಹುಷಾರು, ದಿನಾ ತಗೊಂಡ ಕೆಲವರಿಗೆ ಲಿವರ್ ಊತ ಬಂದಿದ್ದನ್ನ ನಮ್ಮ ದೇಶದ ಡಾಕ್ಟರುಗಳೇ ಕೋವಿಡ್ ಆದ್ಮೇಲೆ ವರದಿ ಮಾಡಿದಾರೆ, ಅದರಲ್ಲೂ ಮೊದಲೇ ಥೈರಾಯ್ಡ್‌ನಂಥ ಆಟೋಇಮ್ಯೂನ್ ತೊಂದರೆ ಇರೋರಲ್ಲಿ. ಸರಿಯಾದ ಟಿ ಸೆಲ್ಲನ್ನ ಸರಿಯಾದ ರೀತಿಯಲ್ಲಿ ಎಬ್ಬಿಸಬೇಕು ಅಂದ್ರೆ ಅದಕ್ಕೆ ವ್ಯಾಕ್ಸಿನ್ ಇದೆ. ಅದರಲ್ಲಿ ಗುರುತು ಹಿಡಿಯೋಕೆ ಚೂರೂ ಇರತ್ತೆ, ಬಿ7 ಏರಿಸೋಕೆ ಬೇಕಾದ್ದೂ ಇರತ್ತೆ, ಎರಡೂ ಒಪ್ಪಿಗೆ ಒಂದೇ ಸೂಜಿಯಲ್ಲಿ.

ಪ್ರಶ್ನೆ: ನಮ್ಮ ಮಾವನವರಿಗೆ ಶ್ವಾಸಕೋಶದ ಕ್ಯಾನ್ಸರ್. ಕೀಮೋ ಜೊತೆ ಇಮ್ಯುನೋಥೆರಪಿ ಕೊಡ್ತೀವಿ ಅಂದಿದಾರೆ, ಇನ್ನೊಬ್ರು ಕಾರ್-ಟಿ ಕೇಳಿ ಅಂತಾರೆ. ಎರಡೂ ಒಂದೇನಾ? ಹಾಸನ.

ಉತ್ತರ: ಬೇರೆ ಬೇರೆ. ನಿಮ್ಮ ಮಾವನವರಿಗೆ ಹೇಳಿರೋದು ಬಹುಶಃ ಪಿಡಿ-1 ಅಥವಾ ಪಿಡಿ-ಎಲ್1 ತಡೆಯೋ ಇಂಜೆಕ್ಷನ್. ಟಿ ಸೆಲ್ ಮೈಮೇಲೆ ಏಳಿಸೋ ರಿಸೆಪ್ಟರ್ ಇರೋ ಹಾಗೆ ಸುಮ್ನಿರಿಸೋ ರಿಸೆಪ್ಟರೂ ಇವೆ. ಸಿಟಿಎಲ್‌ಎ-4 ಒಂದು, ಅದು ಟಿ ಸೆಲ್ ಎದ್ದ ಮೇಲೆ ಹೊರಗೆ ಬಂದು ಸಿಡಿ28ಗಿಂತ ಬಿಗಿಯಾಗಿ ಬಿ7ನ ಹಿಡ್ಕೊಳ್ಳತ್ತೆ. ಅದಿಲ್ಲದ ಇಲಿಮರಿಗಳು ಮೂರ್ನಾಲ್ಕು ವಾರಕ್ಕೇ ತಮ್ಮದೇ ಟಿ ಸೆಲ್‌ಗಳ ಕೈಲಿ ಸಾಯ್ತವೆ. ಇನ್ನೊಂದು ಪಿಡಿ-1, ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ತಂಡ 1992ರಲ್ಲಿ ಕಂಡುಹಿಡಿದಿದ್ದು. ಅದು ಒಳಗಡೆ ಫಾಸ್ಫೇಟ್ ಕೀಳೋ ಎನ್‌ಜೈಮನ್ನ ಕರ್ಕೊಂಡು ಬರತ್ತೆ, ಮುಖ್ಯವಾಗಿ ಸಿಡಿ28 ಬಾಲದ ಫಾಸ್ಫೇಟೇ ಹೋಗತ್ತೆ. ಕೆಲವು ಕ್ಯಾನ್ಸರ್ ಸೆಲ್‌ಗಳು ಪಿಡಿ-ಎಲ್1 ಮೈಮೇಲೆ ಇಟ್ಕೊಂಡು ಈ ಪಿಡಿ-1ನ ಒತ್ತಿ ಹಿಡೀತವೆ, ಪಕ್ಕದಲ್ಲೇ ಟಿ ಸೆಲ್ ಇದ್ರೂ ಏನೂ ಮಾಡಲ್ಲ. ಇಂಜೆಕ್ಷನ್ ಆ ಹಿಡಿತ ಬಿಡಿಸತ್ತೆ. ಹೊಂಜೊ ಮತ್ತೆ ಸಿಟಿಎಲ್‌ಎ-4 ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್‌ಗೆ 2018ರಲ್ಲಿ ನೊಬೆಲ್ ಬಂತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ 2015ರಲ್ಲಿ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಮೆದುಳಿಗೂ ಹರಡಿತ್ತು, ರೇಡಿಯೇಷನ್ ಜೊತೆ ಪಿಡಿ-1 ತಡೆಯೋ ಪೆಂಬ್ರೋಲಿಜುಮಾಬ್ ಕೊಟ್ರು, ಆಮೇಲೆ ನೂರು ವರ್ಷ ತುಂಬೋವರೆಗೂ ಇದ್ರು. ಎಲ್ರಿಗೂ ಹಾಗಾಗಲ್ಲ, ಎಷ್ಟೋ ಜನಕ್ಕೆ ಏನೂ ಕೆಲಸ ಮಾಡಲ್ಲ. ಡಾಕ್ಟರ್ ಹತ್ರ ಗಡ್ಡೆಯ ಪಿಡಿ-ಎಲ್1 ಟೆಸ್ಟ್ ರಿಪೋರ್ಟ್ ಏನಿದೆ ಅಂತ ಕೇಳಿ. ಟ್ರೀಟ್‌ಮೆಂಟ್ ಶುರುವಾದ್ಮೇಲೆ ಭೇದಿ ನಿಲ್ಲದಿದ್ರೆ, ಒಣಕೆಮ್ಮು ಏದುಸಿರು ಹೆಚ್ಚಾದ್ರೆ, ತೀರಾ ಸುಸ್ತಾದ್ರೆ ಮನೇಲಿ ಮಾತ್ರೆ ಹುಡುಕ್ತಾ ಕೂರಬೇಡಿ, ಅದೇ ದಿನ ಫೋನ್ ಮಾಡಿ. ಬಿಡಿಸಿದ ಟಿ ಸೆಲ್ ಕರುಳು, ಶ್ವಾಸಕೋಶ, ಥೈರಾಯ್ಡ್ ಮೇಲೂ ಬೀಳಬಹುದು.

ಕಾರ್-ಟಿ ಅಂದ್ರೆ ರೋಗಿಯ ಟಿ ಸೆಲ್ ಹೊರಗೆ ತೆಗೆದು, ಜೀನ್ ಸೇರಿಸಿ, ಹೊಸ ರಿಸೆಪ್ಟರ್ ಕೂರಿಸಿ ವಾಪಸ್ ಬಿಡೋದು. ಹೊರಭಾಗ ಆಂಟಿಬಾಡಿಯ ತುಂಡು, ಅದಕ್ಕೆ ಎಂಎಚ್‌ಸಿ ಬೇಕಿಲ್ಲ. ಒಳಭಾಗಕ್ಕೆ ಝೀಟಾ ಬಾಲ, ಅದರ ಜೊತೆ ಸಿಡಿ28 ಅಥವಾ ಅದೇ ಥರ ಎರಡನೇ ಒಪ್ಪಿಗೆ ಕೊಡೋ 4-1ಬಿಬಿ ಅನ್ನೋ ರಿಸೆಪ್ಟರಿನ ಬಾಲ, ಎರಡೂ ಒಪ್ಪಿಗೆ ಒಂದರಲ್ಲೇ ಹೊಲಿದುಬಿಟ್ಟಿದಾರೆ. ಐಐಟಿ ಬಾಂಬೆ ಮತ್ತೆ ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ತು, 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯದ್ದೂ ಬಂತು. ಎರಡೂ ಗುರಿ ಇಡೋದು ಬಿ ಸೆಲ್ (ಆಂಟಿಬಾಡಿ ತಯಾರಿಸೋ ಬಿಳಿ ರಕ್ತಕಣ) ಮೇಲಿನ ಸಿಡಿ19 ಅನ್ನೋ ಪ್ರೋಟೀನಿಗೆ, ಅಂದ್ರೆ ಕೆಲವು ರಕ್ತದ ಕ್ಯಾನ್ಸರ್, ಲಿಂಫೋಮಾಗೆ. ಶ್ವಾಸಕೋಶದ ಗಡ್ಡೆಗೆ ಇವು ಅಲ್ಲ, ಆ ಇನ್ನೊಬ್ರಿಗೆ ಹೇಳಿಬಿಡಿ.

ಪ್ರಶ್ನೆ: ಸೋರಿಯಾಸಿಸ್‌ಗೆ ಬೆಂಗಳೂರಲ್ಲೇ ತಯಾರಾದ ಟಿ ಸೆಲ್ ಇಂಜೆಕ್ಷನ್ ಇದ್ಯಂತೆ, ನಿಜಾನಾ? ತುಮಕೂರು.

ಉತ್ತರ: ನಿಜ. ಇಟೊಲಿಜುಮಾಬ್, ಕ್ಯೂಬಾದ ಹವಾನಾದ ಸಂಸ್ಥೆ ಜೊತೆ ಸೇರಿ ಬಯೋಕಾನ್ ಮಾಡಿದ್ದು, 2013ರಲ್ಲಿ ಒಪ್ಪಿಗೆ ಬಂತು. ಟಿ ಸೆಲ್ ಮೇಲೆ ಸಿಡಿ6 ಅಂತ ಇನ್ನೊಂದು ಸಹಾಯಕ ರಿಸೆಪ್ಟರ್ ಇದೆ, ಅದಕ್ಕೆ ಅಂಟ್ಕೊಳ್ಳತ್ತೆ. 2020ರಲ್ಲಿ ಕೋವಿಡ್ ಸೈಟೋಕೈನ್ ತೊಂದರೆಗೂ ತುರ್ತು ಅನುಮತಿ ಕೊಟ್ಟಿದ್ರು. ಈಗ ಸೋರಿಯಾಸಿಸ್‌ಗೆ ಬೇರೆ ಇಂಜೆಕ್ಷನ್‌ಗಳೂ ಬಹಳ ಬಂದಿವೆ, ನಿಮಗೆ ಯಾವುದು ಅನ್ನೋದನ್ನ ಚರ್ಮದ ಡಾಕ್ಟರ್ ನೋಡಿ ಹೇಳಬೇಕು. ಯಾವುದೇ ತಗೊಂಡ್ರೂ ಮುಂಚೆ ಟಿಬಿ ಟೆಸ್ಟ್ ಮಾಡಿಸ್ತಾರೆ, ಬೇಡ ಅನ್ನಬೇಡಿ.

ಪ್ರಶ್ನೆ: ಟಿಬಿ ಟೆಸ್ಟ್‌ಗೆ ಮುಂಗೈಗೆ ಚುಚ್ಚಿ ಎರಡು ದಿನ ಬಿಟ್ಟು ಬನ್ನಿ ಅಂತಾರೆ. ಅವತ್ತೇ ನೋಡೋಕಾಗಲ್ವಾ? ರಜೆ ಎರಡು ಸಲ ಹಾಕಬೇಕು. ದಾವಣಗೆರೆ.

ಉತ್ತರ: ಆಗಲ್ಲ. ಚುಚ್ಚಿದ ಪ್ರೋಟೀನನ್ನ ಅಲ್ಲಿನ ಸೆಲ್‌ಗಳು ನುಂಗಿ ಎಂಎಚ್‌ಸಿ ಮೇಲೆ ಇಡಬೇಕು, ಟಿಬಿ ನೆನಪಿರೋ ಟಿ ಸೆಲ್ ಅಲ್ಲಿಗೆ ಬಂದು ಗುರುತು ಹಿಡಿಯಬೇಕು, ಅದು ಉಳಿದವನ್ನ ಕರೆಸಬೇಕು, ಇಷ್ಟಕ್ಕೆ 48ರಿಂದ 72 ಗಂಟೆ ಬೇಕು. ಅಳೆಯೋದು ಕೆಂಪಗಾಗಿದ್ದನ್ನಲ್ಲ, ಕೈಯಲ್ಲಿ ಮುಟ್ಟಿದ್ರೆ ಗಟ್ಟಿ ಸಿಗೋ ಊತಾನ, ಮಿಲಿಮೀಟರ್ ಲೆಕ್ಕದಲ್ಲಿ. ಉಜ್ಜಬೇಡಿ, ಕೆರ್ಕೋಬೇಡಿ. ಶುಕ್ರವಾರ ಸಂಜೆ ಚುಚ್ಚಿಸ್ಕೊಂಡ್ರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಮುಂಚೆ ತೋರಿಸಬಹುದು, 72 ಗಂಟೆ ದಾಟಿರಲ್ಲ.